ಕೋಟಿಗೆ ಬೇಕಾದದ್ದು ಗಾಳಿ, ನೀರಲ್ಲ

ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಬೆಳೆದ ನನಗೆ, ಒಮ್ಮೆ ತೊಟ್ಟ ಬಟ್ಟೆಯನ್ನು ಒಗೆಯದೆ ಮತ್ತೆ ತೊಡಬಾರದೆಂಬುದು ಚಿಕ್ಕಂದಿನ ಪಾಠ. ಇಂಗ್ಲೆಂಡಿನ ನ್ಯೂಕಾಸಲ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಅದನ್ನೇ ಪಾಲಿಸಿ ಉಣ್ಣೆಯ ಕೋಟನ್ನು ವಾಷಿಂಗ್ ಮಷೀನಿನ ಬಿಸಿನೀರಿಗೆ ಹಾಕಿದೆ. ಹೊರತೆಗೆದಾಗ ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೇರಿತ್ತು, ಬಟ್ಟೆ ರಟ್ಟಿನಂತೆ ಬಿರುಸಾಗಿತ್ತು. ಉಣ್ಣೆಯ ಎಳೆಯ ಮೇಲಿನ ಸೂಕ್ಷ್ಮ ಹುರುಪೆಗಳು ಬಿಸಿನೀರಿನ ತಿರುವಾಟದಲ್ಲಿ ಒಂದಕ್ಕೊಂದು ಹೆಣೆದುಕೊಂಡರೆ ಮತ್ತೆ ಬಿಡಿಸಲಾಗದು.

ಇಲ್ಲಿ ಕೋಟನ್ನು ಬಹುಕಾಲ ಬಾಳಿಸುವವರು ಮನೆಗೆ ಬಂದೊಡನೆ ಜೇಬು ಖಾಲಿ ಮಾಡಿ, ಅಗಲ ಭುಜದ ಮರದ ಹ್ಯಾಂಗರಿಗೆ ಅದನ್ನು ತೂಗುಹಾಕಿ, ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ಧೂಳು ತೆಗೆದು, ರಾತ್ರಿಯಿಡೀ ಗಾಳಿಯಾಡಲು ಬಿಡುತ್ತಾರೆ. ಡ್ರೈಕ್ಲೀನಿಂಗ್ ವರ್ಷಕ್ಕೊಮ್ಮೆ ಸಾಕು, ಆದರೆ ಬೇಸಿಗೆಗೆ ಎತ್ತಿಡುವ ಮುನ್ನವೇ ಆಗಬೇಕು. ಏಕೆಂದರೆ ಉಣ್ಣೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು, ಮತ್ತು ಅದಕ್ಕೆ ಬೆವರು, ಊಟದ ಕಲೆ ಹಿಡಿದ ಜಾಗವೇ ಹೆಚ್ಚು ಇಷ್ಟ.

ಪಕ್ಕದ ಸೌತ್ ಶೀಲ್ಡ್ಸ್‌ನಲ್ಲಿ 1894ರಲ್ಲಿ ಆರಂಭವಾದ ಬಾರ್ಬರ್ ಕಂಪನಿಯ, ನೀರಿಳಿಯದಂತೆ ಹತ್ತಿಬಟ್ಟೆಗೆ ಮೇಣ ಹಿಡಿಸಿದ ಜಾಕೆಟ್ಟಿಗಂತೂ ಸೋಪು, ಬಿಸಿನೀರು ಎರಡೂ ವರ್ಜ್ಯ. ತಣ್ಣೀರಿನ ಸ್ಪಂಜಿನಿಂದ ಒರೆಸಿ ಒಣಗಿಸಬೇಕು. ವರ್ಷಕ್ಕೊಮ್ಮೆ ಮೇಣದ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಬಟ್ಟೆಯ ತುಂಡಿನಿಂದ ಹಚ್ಚಬೇಕು. ಮೊದಲು ನೀರು ಇಳಿಯುವ ಹೊಲಿಗೆಯ ಸಾಲುಗಳಿಗೆ, ಆಮೇಲೆ ಉಳಿದ ಕಡೆಗೆ. ಬಳಿಕ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದರೆ ಮಂಕಾದ ಬಟ್ಟೆ ಮತ್ತೆ ಕಪ್ಪಗೆ ಮಿರುಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಇದು ನಮಗೆ ತಿಳಿಯದ ವಿದ್ಯೆಯೇನಲ್ಲ. ಮಳೆಗೆ ತಲೆಯಿಂದ ಹೊದೆಯುವ, ಹುಣಸೆಬೀಜದ ಗಂಜಿ ಕುಡಿದ ಕಂಬಳಿಯ ಕೊಪ್ಪೆಯನ್ನು ನಮ್ಮಜ್ಜ ಒಗೆದದ್ದನ್ನು ನಾನು ಕಂಡಿಲ್ಲ. ಗದ್ದೆಯಿಂದ ಬಂದವರೇ ಕೊಡವಿ, ಬಚ್ಚಲೊಲೆಯ ಮೇಲಿನ ಬಿದಿರಗಳುವಿಗೆ ಹಾಕುತ್ತಿದ್ದರು. ಅಮ್ಮ ರೇಷ್ಮೆ ಸೀರೆಗಳನ್ನು ಆಗಾಗ ಹೊರತೆಗೆದು, ನೆರಳಿನಲ್ಲಿ ಹರವಿ, ಹಳೆಯ ಮಡಿಕೆಯ ಗೆರೆ ತಪ್ಪಿಸಿ ಮಡಚಿಡುತ್ತಿದ್ದರು. ಈ ವಿಷಯದಲ್ಲಿ ಅಮ್ಮನ ಕ್ರಮವೇ ಮೇಲು: ಇಲ್ಲಿ ಎಷ್ಟೋ ಜನ ಡ್ರೈಕ್ಲೀನಿಂಗಿನಿಂದ ಬಂದ ಪ್ಲಾಸ್ಟಿಕ್ ಚೀಲವನ್ನೂ ತೆಗೆಯದೆ ಕೋಟನ್ನು ಅಕ್ಟೋಬರಿನವರೆಗೆ ಕಪಾಟಿನಲ್ಲಿ ಮರೆತುಬಿಡುತ್ತಾರೆ. ನಾನು ಆ ಚೀಲ ತೆಗೆದು, ಹಳೆಯ ಪಂಚೆ ಹೊದಿಸಿ, ತಿಂಗಳಿಗೊಮ್ಮೆ ಕಾಲರಿನ ಅಡಿ, ತೋಳಿನ ಮಡಿಕೆಗಳನ್ನು ಬಿಡಿಸಿ ನೋಡಿ, ಕಿಟಕಿಯ ಬಳಿ ಒಂದು ಹಗಲು ತೂಗುಹಾಕುತ್ತೇನೆ.