ಲಕ್ಷದ ಸಂಬಳ ಬಿಟ್ಟವರಿಗೆ ಮಾತ್ರ ಚಪ್ಪಾಳೆಯೇ?

ನಿನ್ನೆ ಕೋಲಾರದ ಒಂದು ಕಾಲೇಜಿನಲ್ಲಿ ಯುವಜನರು ಮತ್ತು ಕೃಷಿ ಉದ್ಯಮದ ಬಗ್ಗೆ ಕಾರ್ಯಕ್ರಮವಿತ್ತು. ತಮ್ಮನನ್ನೂ ಒತ್ತಾಯದಿಂದ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಬಂದಿದ್ದ, ಸಂಜೆಯ ಸೊಪ್ಪಿನ ಹೊತ್ತಿಗೆ ಮನೆ ಸೇರಬೇಕಿತ್ತು. ವೇದಿಕೆಯಲ್ಲಿದ್ದವರು ಲಕ್ಷಗಟ್ಟಲೆ ಸಂಬಳ ಬಿಟ್ಟು ತೋಟ ಮಾಡಿದವರ ಕತೆ ಹೇಳಿದರು. ಒಂದಲ್ಲ, ನಾಲ್ಕು. ಪ್ರತಿ ಕತೆಗೂ ಚಪ್ಪಾಳೆ. ಮಣ್ಣಿನ ಸೆಳೆತ, ಮಣ್ಣಿನ ಸೆಳೆತ ಎಂದು ಮತ್ತೆ ಮತ್ತೆ ಹೇಳಿದರು. ಕೇಳುತ್ತಾ ಕುಳಿತಿದ್ದ ಮಕ್ಕಳಲ್ಲಿ ಹೆಚ್ಚಿನವರು ರೈತರ ಮನೆಯವರೇ. ಬಿಟ್ಟು ಬರಲು ಅವರ ಕೈಯಲ್ಲಿ ಏನಿದೆ? ಊರಲ್ಲೇ ಉಳಿದವನನ್ನು ಯಾಕೆ ಉಳಿದೆ ಎಂದು ಒಬ್ಬರಾದರೂ ಕೇಳಬಾರದೇ?

ನಮ್ಮ ಮನೆಯ ಕತೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ನಾವು ಓದಿದ್ದು ರೇಷ್ಮೆಗೂಡಿನ ದುಡ್ಡಿನಲ್ಲಿ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಗೂಡಿನ ಬೆಲೆ ನೆಲಕಚ್ಚಿತು. ಕೊಳವೆಬಾವಿಯೂ ಬತ್ತಿತ್ತು. ಅಪ್ಪ ಹಿಪ್ಪುನೇರಳೆ ಕಿತ್ತು ನೀಲಗಿರಿ ನೆಟ್ಟರು, ಹುಳುಮನೆಗೆ ಬೀಗ ಹಾಕಿದರು. ಐಟಿಐ ಓದಿದ ತಮ್ಮ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ. ದಿನಕ್ಕೆ ಹನ್ನೆರಡು ತಾಸು ದುಡಿದರೆ ತಿಂಗಳಿಗೆ 11,000 ರೂಪಾಯಿ. ಅವನು ಬಿಟ್ಟು ಬಂದದ್ದು ಈ ಸಂಬಳವನ್ನು. ಇದನ್ನು ಯಾವ ವೇದಿಕೆಯಲ್ಲಿ ಹೇಳುತ್ತಾರೆ?

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯಲು ಶುರುವಾಯಿತು. ಆ ನೀರಿನ ಬಗ್ಗೆ ನನಗೆ ಇವತ್ತಿಗೂ ತಕರಾರಿದೆ, ಅದು ಬೇರೆ ಮಾತು. ನಮ್ಮ ಕೆರೆ ತುಂಬಿತು, ಬತ್ತಿದ ಬಾವಿಯಲ್ಲಿ ನೀರು ಕಂಡಿತು. ತಮ್ಮ ಕೆಲಸ ಬಿಟ್ಟ. ನೀಲಗಿರಿ ಬೊಡ್ಡೆ ಕೀಳಿಸಲು ಜೆಸಿಬಿ ಬಾಡಿಗೆಗೆಂದು ಬೈಕ್ ಮಾರಿದ. ಆಗ ಅವನಿಗೆ ಜಮೀನು ಬಿಟ್ಟುಕೊಡಬೇಡ ಎಂದು ಅಮ್ಮನಿಗೆ ಹೇಳಿಕೊಟ್ಟವಳು ನಾನೇ. ಇದನ್ನು ಇದುವರೆಗೆ ಎಲ್ಲೂ ಬರೆದಿರಲಿಲ್ಲ. ಅಪ್ಪ ಹಿಪ್ಪುನೇರಳೆ ಕೀಳಿಸಿದ ದಿನ ಊಟ ಮಾಡಿರಲಿಲ್ಲ. ನನಗೆ ಅದೇ ಭಯ.

ಯಾಕೆ ಮತ್ತೆ ಈ ರೇಷ್ಮೆ ಕೆಲಸ ಎಂದು ನಾನು ಕೇಳಿದಾಗ ತಮ್ಮ ಸೆಳೆತದ ಮಾತೇ ಆಡಲಿಲ್ಲ. ಲೆಕ್ಕ ಹೇಳಿದ. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ, ಮರಿ ಹುಳುವಿಗೆ ಚಾಕಿ ಎನ್ನುತ್ತೇವೆ. ಎರಡನೇ ಜ್ವರ ದಾಟಿದ ಚಾಕಿ ಹುಳು ತಂದರೆ ಸುಮಾರು ಇಪ್ಪತ್ತೈದು ದಿನಕ್ಕೆ ಗೂಡು ಮಾರುಕಟ್ಟೆಗೆ ಹೋಗುತ್ತದೆ. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪನ್ನು ನಾವು ಒಂದು ಮೊಟ್ಟೆ ಎಂದೇ ಲೆಕ್ಕ ಹಾಕುತ್ತೇವೆ) ಎಪ್ಪತ್ತು ಕಿಲೋ ಗೂಡು ಬಂದರೆ ಒಳ್ಳೆಯ ಬೆಳೆ. ತೂಕದ ಚೀಟಿ ಅವನ ಹೆಸರಿನಲ್ಲಿ, ಹಣ ಅವನ ಖಾತೆಗೆ. "ಅಕ್ಕಾ, ಅಲ್ಲಿ ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಇಲ್ಲಿ ಒಂದು ಬೆಳೆ ಹೋದರೂ ಮುಂದಿನ ಚಾಕಿ ಯಾವತ್ತು ತರಬೇಕೆಂದು ಹೇಳುವವನು ನಾನೇ" ಎಂದ.

ಬೆಳೆ ಹೋದದ್ದೂ ಉಂಟು. ಕಳೆದ ವರ್ಷ ಪಕ್ಕದ ಹೊಲದವರು ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ನಮ್ಮ ಸೊಪ್ಪಿನ ಮೇಲೆ ಬಿತ್ತು. ನಾಲ್ಕನೇ ಜ್ವರದಿಂದ ಎದ್ದು ಬೆರಳುದ್ದ ಬೆಳೆದಿದ್ದ ಹುಳುಗಳು ತಲೆ ಎತ್ತಿ, ಹಸಿರು ನೀರು ಕಾರಿ, ಸುರುಟಿಕೊಂಡವು. ತಮ್ಮ ಎಲ್ಲವನ್ನೂ ಗುಂಡಿಗೆ ಸುರಿದು ಸುಣ್ಣ ಹಾಕಿದ. ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೇ ದಿನ ಎದ್ದು ಹುಳುಮನೆಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯಲು ಶುರುಮಾಡಿದ. ತೋಟದ ಇನ್ನೊಂದು ಬದಿಯಲ್ಲಿ ಸೊಪ್ಪು ಬೆಳೆದು ನಿಂತಿತ್ತು, ಅದನ್ನು ಬಲಿಯಲು ಬಿಡುವಂತಿರಲಿಲ್ಲ.

ನಿನ್ನೆ ಜೊತೆಗಿದ್ದ ಗೆಳತಿ, ಅಂಥ ಕತೆಗಳಿಂದ ಬೇಸಾಯಕ್ಕೆ ಗೌರವ ಬರುತ್ತದಲ್ಲವೇ ಎಂದಳು. ನಾನು ಒಪ್ಪುವುದಿಲ್ಲ. ಗೌರವ ಸಿಗುವುದು ಬಿಟ್ಟು ಬಂದ ಸಂಬಳಕ್ಕೆ. ತಮ್ಮನನ್ನು ನೋಡಲು ಬಂದಿದ್ದ ಹೆಣ್ಣಿನ ಕಡೆಯವರು ಹುಳುಮನೆಯೊಳಗೆ ಕಾಲಿಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಹುಡುಗ ಮೊದಲು ಯಾವ ಕಂಪನಿಯಲ್ಲಿದ್ದ? 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ನಕ್ಕವರೇ ಹೆಚ್ಚು. ನನಗೆ ಅಳು ಬಂದಿತ್ತು.

ಸಾಲದ ಪಾಡೂ ಹಾಗೆಯೇ. ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ, ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಆಗಿಲ್ಲ. ಅವನ ಹೆಸರಿನಲ್ಲಿ ಭೂಮಿಯೇ ಇಲ್ಲದಿದ್ದರೆ ಬ್ಯಾಂಕು ಏನು ನೋಡಿ ಕೊಡುತ್ತದೆ? ಯುವಕರು ಬರಬೇಕು ಎಂದು ಕರೆಯುವವರು ಅವರಿಗೆ ಈ ಕಾಗದಗಳನ್ನು ಮಾಡಿಸಿಕೊಡಲಿ. ಪಕ್ಕದ ಹೊಲದಲ್ಲಿ ಔಷಧಿ ಹೊಡೆಯುವವರು ಒಂದು ದಿನ ಮೊದಲು ತಿಳಿಸುವ ಕಟ್ಟಳೆಯನ್ನು ಊರಲ್ಲಿ ತರಲಿ. ಆಮೇಲೆ ಸೆಳೆತದ ಮಾತಾಡೋಣ.

ಬರುವ ಬುಧವಾರ ಹುಳು ಹಣ್ಣಾಗುತ್ತವೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತವೆ. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅವು ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು, ರಾತ್ರಿಯಾಗುತ್ತದೆ, ಆಳು ಸಾಲುವುದಿಲ್ಲ. ನಿನ್ನೆ ಭಾಷಣ ಮಾಡಿದವರಿಗೆ ಫೋನ್ ಮಾಡಿ ಕರೆದಿದ್ದೇನೆ. ನೋಡುತ್ತೇನೆ ಎಂದಿದ್ದಾರೆ. ನಿಮ್ಮಲ್ಲಿ ಬರುವವರಿದ್ದರೆ ತಿಳಿಸಿ, ಊಟ ನಮ್ಮ ಮನೆಯಲ್ಲೇ.