ಪೇಪರ್ - 135

ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಚಕ್ಕರ್ ಹೊಡೆದರೆ ಏನಾಗುತ್ತದೆಂದು ಗೊತ್ತಾಗಿದ್ದು ಮರುದಿನ. ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಏನು ಖಜಾಂಚಿಗಳೇ" ಎನ್ನತೊಡಗಿದರು. ನಾನು ಓದಿದ್ದು ಸಸ್ಯಶಾಸ್ತ್ರ. ಲೆಕ್ಕ ಬರೆದ ಅನುಭವವೆಂದರೆ ಹಾಲು ಬಾರದ ದಿನ ಕ್ಯಾಲೆಂಡರಿನಲ್ಲಿ ಗೀಟು ಹಾಕಿದ್ದಷ್ಟೇ.

ಎರಡನೇ ಮಹಡಿಯ ರಾಯರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೂರಿಸಿಕೊಂಡು ಪಾಠ ಮಾಡಿದರು. "ಪ್ರತಿ ವ್ಯವಹಾರಕ್ಕೂ ಎರಡು ಮುಖ ಕಣ್ರೀ. ಪ್ಲಂಬರಿಗೆ ಐನೂರು ಕೊಟ್ರೆ ರಿಪೇರಿ ಖಾತೆಗೆ ಡೆಬಿಟ್, ನಗದು ಖಾತೆಗೆ ಕ್ರೆಡಿಟ್." ಇಲ್ಲಿವರೆಗೆ ತಲೆಯಾಡಿಸಿದೆ. "ಮೇಂಟೆನೆನ್ಸ್ ದುಡ್ಡು ಬಂದ್ರೆ ನಗದಿಗೆ ಡೆಬಿಟ್" ಎಂದಾಗ ತಲೆ ನಿಂತುಹೋಯಿತು. ಸಂಬಳ ಬಂದಾಗ ಬ್ಯಾಂಕಿನಿಂದ ಕ್ರೆಡಿಟ್ ಆಗಿದೆ ಅಂತ ತಾನೇ ಮೆಸೇಜು ಬರೋದು?

"ಅದು ಬ್ಯಾಂಕಿನ ಪುಸ್ತಕ ಸ್ವಾಮಿ. ನೀವಿಟ್ಟ ದುಡ್ಡು ಅವರು ನಿಮಗೆ ಕೊಡಬೇಕಾದ ಸಾಲ. ನಿಮ್ಮ ಪುಸ್ತಕದಲ್ಲಿ ಅದೇ ದುಡ್ಡು ಆಸ್ತಿ."

ಇಪ್ಪತ್ತು ವರ್ಷದಿಂದ ಬ್ಯಾಂಕಿಗೇ ಸಾಲ ಕೊಡುತ್ತಿರುವ ಸಾಹುಕಾರ ನಾನು ಎಂದು ಹೆಂಡತಿಗೆ ಹೇಳಿದೆ. "ಹಂಗಾದ್ರೆ ವಸೂಲಿ ಮಾಡ್ಕೊಂಡು ಬನ್ನಿ, ಗ್ಯಾಸ್ ಬುಕ್ ಮಾಡ್ಬೇಕು" ಎಂದಳು.

ವೆನಿಸ್ಸಿನ ವ್ಯಾಪಾರಿಗಳು ಬಳಸುತ್ತಿದ್ದ ಈ ಪದ್ಧತಿಯನ್ನು 1494ರಲ್ಲಿ ವಿವರವಾಗಿ ಅಚ್ಚು ಹಾಕಿಸಿದವನು ಲೂಕಾ ಪಚೋಲಿ ಎಂಬ ಸನ್ಯಾಸಿ. ಸಂಸಾರವಿದ್ದಿದ್ದರೆ ಒಂದೇ ಖರ್ಚನ್ನು ಎರಡೆರಡು ಸಲ ಬರೆಯುವ ಧೈರ್ಯ ಅವನಿಗೆ ಬರುತ್ತಿರಲಿಲ್ಲ.

ಮಾರ್ಚ್ 31ಕ್ಕೆ ತಾಳೆ ಪಟ್ಟಿ ಮಾಡಲು ಕೂತೆ. ಎರಡೂ ಕಡೆ ಸಮ ಬರಬೇಕಲ್ಲ, ಡೆಬಿಟ್ ಕಡೆ 270 ರೂಪಾಯಿ ಕಮ್ಮಿ. ಇದಕ್ಕೆ ರಾಯರು ಎರಡು ಮದ್ದು ಹೇಳಿಕೊಟ್ಟಿದ್ದರು. ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತ ಹುಡುಕಬೇಕು, ಈ ಕಡೆ ಬರೆಯಬೇಕಾದ್ದನ್ನು ಆ ಕಡೆ ಬರೆದಿರಬಹುದು. 9ರಿಂದ ಭಾಗ ಹೋದರೆ ಅಂಕಿ ಹಿಂದುಮುಂದಾಗಿರಬಹುದು. 270 ಎರಡಕ್ಕೂ ಬಗ್ಗುವ ಕಿಲಾಡಿ. ನನಗೆ ಅರ್ಧ ಮಾಡುವುದು ಸುಲಭ: 135.

ಸಿಕ್ಕೇಬಿಟ್ಟಿತು! ಕ್ರೆಡಿಟ್ ಕಡೆ, ನನ್ನದೇ ಕೋಳಿಕಾಲಿನ ಅಕ್ಷರದಲ್ಲಿ, 'ಪೇಪರ್ - 135'. ಪೇಪರ್ ಅಂದರೆ ಖರ್ಚು, ಖರ್ಚು ಅಂದರೆ ಡೆಬಿಟ್. ಎತ್ತಿ ಈಚೆ ಹಾಕಿದೆ. ತಾಳೆ! ಪೈಸೆಗೆ ಪೈಸೆ! ರಾತ್ರಿ ಹನ್ನೆರಡಕ್ಕೆ ನಾನು ಕೂಗಿದ್ದು ಕೇಳಿ ಹೆಂಡತಿ ಪೊರಕೆ ಹಿಡಿದು ಬಂದಳು, ಜಿರಲೆ ಅಂದುಕೊಂಡು.

ವಾರ್ಷಿಕ ಸಭೆಯಲ್ಲಿ ಲೆಕ್ಕ ಓದಿದೆ. ಚಪ್ಪಾಳೆಯೂ ಬಿತ್ತು. ರಾಯರು ಮಾತ್ರ ಕನ್ನಡಕ ಮೂಗಿನ ತುದಿಗಿಳಿಸಿ ಕೇಳಿದರು, "ನಮ್ಮ ಸಂಘಕ್ಕೆ ಯಾವ ಪೇಪರ್ ಬರುತ್ತೆ?"

ಯಾರಿಗೂ ಗೊತ್ತಿಲ್ಲ. ಬಾಗಿಲ ಬಳಿಯಿಂದ ವಾಚ್‌ಮನ್ ತಲೆ ಕೆರೆದುಕೊಂಡ. "ಸಾರ್, ಅದು ಹಳೇ ಪೇಪರ್ ತೂಕಕ್ಕೆ ಹಾಕಿ ನಾನೇ ತಂದ್ಕೊಟ್ಟಿದ್ ದುಡ್ಡು."

ರಾಯರು ಪುಸ್ತಕ ತಿರುವಿ ನಿಜವಾದ ಕಳ್ಳನನ್ನೂ ಹಿಡಿದರು. ಜನರೇಟರಿಗೆ ಡೀಸೆಲ್, ನಗದಿನಲ್ಲಿ 1,740, ಡೀಸೆಲ್ ಖಾತೆಯಲ್ಲಿ 1,470. "ಒಂಬತ್ತರಿಂದ ಭಾಗಿಸೋಕೆ ಏನ್ರೀ ರೋಗ? ಒಂದು ತಪ್ಪನ್ನ ಇನ್ನೊಂದು ತಪ್ಪು ಮುಚ್ಚಿಹಾಕಿದ್ರೆ ತಾಳೆ ಪಟ್ಟಿಗೂ ಗೊತ್ತಾಗಲ್ಲ!"

ಮುಂದಿನ ವರ್ಷದ ಖಜಾಂಚಿ ಯಾರೆಂಬ ಮಾತು ಬರುವ ಹೊತ್ತಿಗೆ ರಾಯರಿಗೆ ಫೋನ್ ಬಂತು. ಎದ್ದು ಹೊರಗೆ ಹೋದರು. ನಾನು ತಡಮಾಡದೆ ಅವರ ಹೆಸರು ಸೂಚಿಸಿದೆ.