ಟೆಸ್ಟ್ ಆಗದ ಮಗುವನ್ನು ಹುಡುಕುವವರು ಯಾರು?

ಇಂಗ್ಲೆಂಡಿನಲ್ಲಿ ಮಗುವಿಗೆ ಹೆಸರಿಡುವ ಮೊದಲೇ ಒಂದು ನಂಬರ್ ಸಿಗುತ್ತದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕೊಡುವ ಹತ್ತು ಅಂಕಿಯ ನಂಬರ್. ನಮ್ಮ ಮಗಳು ಹುಟ್ಟಿದ ಐದನೇ ದಿನ ಮಿಡ್‌ವೈಫ್, ಅಂದರೆ ಹೆರಿಗೆ ನರ್ಸ್, ಮನೆಗೇ ಬಂದರು. ಹುಟ್ಟಿನಿಂದಲೇ ಬರುವ ಕೆಲವು ಕಾಯಿಲೆಗಳನ್ನು ಬೇಗ ಪತ್ತೆಹಚ್ಚುವ ರಕ್ತದ ಟೆಸ್ಟಿಗಾಗಿ. ಹಿಮ್ಮಡಿಗೆ ಸಣ್ಣಗೆ ಚುಚ್ಚಿ, ದಪ್ಪ ಕಾಗದದ ಕಾರ್ಡಿನಲ್ಲಿದ್ದ ನಾಲ್ಕು ವೃತ್ತಗಳಿಗೆ ರಕ್ತ ಇಳಿಸಿದರು. ಮಗು ಚೀರುವುದು ನೋಡಲಾಗದೆ ನಮ್ಮ ಅತ್ತೆ "ಸಾಕು ಬಿಡಮ್ಮ" ಅಂತ ಕನ್ನಡದಲ್ಲೇ ಅಂದರು. ನಾಲ್ಕನೆಯ ವೃತ್ತ ತುಂಬುವವರೆಗೂ ಮಿಡ್‌ವೈಫ್ ಬಿಡಲಿಲ್ಲ. ಆಮೇಲೆ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸಿ, ನಂಬರ್ ತಾಳೆ ನೋಡಿ, ಒಣಗಿದ ಕಾರ್ಡನ್ನು ಲಕೋಟೆಗೆ ಹಾಕಿದರು. ಅದು ಲ್ಯಾಬಿಗೆ ಹೋಗುವುದು ಅಂಚೆಯಲ್ಲಿ!

ಅಂಚೆಯಲ್ಲಿ ಕಳೆದುಹೋದರೆ? ಅದಕ್ಕೇ ಕಂಪ್ಯೂಟರ್ ಇರುವುದು. ಹುಟ್ಟಿದ ಮಕ್ಕಳ ನಂಬರುಗಳೆಲ್ಲ ಒಂದು ಕಡೆಯಿಂದ ಬರುತ್ತವೆ, ಲ್ಯಾಬಿಗೆ ತಲುಪಿದ ಕಾರ್ಡುಗಳ ನಂಬರು ಇನ್ನೊಂದು ಕಡೆಯಿಂದ. ಎರಡೂ ತಾಳೆಯಾಗದಿದ್ದರೆ ಆ ಮಗು ಹೆರಿಗೆ ವಿಭಾಗದವರ ಪರದೆಯ ಮೇಲೆ ಕಾಣಿಸುತ್ತದೆ, ಅವರು ಹುಡುಕಲೇಬೇಕು. ತಂದೆತಾಯಿ ಟೆಸ್ಟ್ ಬೇಡ ಅನ್ನಬಹುದು, ಆದರೆ ಅದೂ ದಾಖಲಾಗುತ್ತದೆ. ಭಾರತದಿಂದ ಕೂಸನ್ನು ಎತ್ತಿಕೊಂಡು ಬಂದವರನ್ನೂ ಬಿಡುವುದಿಲ್ಲ. ಮಗುವಿಗೆ ವರ್ಷ ತುಂಬಿಲ್ಲದಿದ್ದರೆ ಟೆಸ್ಟ್ ಮಾಡಿಸುತ್ತೀರಾ ಅಂತ ಕೇಳುತ್ತಾರೆ.

ನನಗೆ ಹಿಡಿಸಿದ್ದು ಇದೇ. ಟೆಸ್ಟ್ ಎಷ್ಟು ಆಯಿತು ಅನ್ನುವುದಕ್ಕಿಂತ ಯಾರದ್ದು ಆಗಿಲ್ಲ ಅನ್ನುವ ಲೆಕ್ಕ ಮುಖ್ಯ.

ನಮಗೆ ಈ ಟೆಸ್ಟ್ ಹೊಸದೇನಲ್ಲ. 1980ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಜೊತೆಗಾರರು ಕರ್ನಾಟಕದ ಸುಮಾರು ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷಿಸಿದ್ದರು. 2013ರಿಂದ ಮಕ್ಕಳ ಆರೋಗ್ಯ ತಪಾಸಣೆಗೆ ಕೇಂದ್ರ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಕೂಡ ಇದೆ. ಆದರೂ ಹಿಮ್ಮಡಿಯ ಆ ರಕ್ತದ ಟೆಸ್ಟ್ ಎಲ್ಲ ಮಕ್ಕಳಿಗೂ ಸಿಕ್ಕಿಲ್ಲ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗುವಿಗೆ ಮೊದಲ ವಾರಗಳಲ್ಲೇ ಅಗ್ಗದ ಒಂದು ಮಾತ್ರೆ ಶುರುಮಾಡಿದರೆ ಸಾಕು. ತಡವಾದರೆ ಮಿದುಳಿನ ಬೆಳವಣಿಗೆಗೇ ಪೆಟ್ಟು.

ಇಂಗ್ಲೆಂಡಿನ ಸಾಫ್ಟ್‌ವೇರನ್ನು ಸುಮ್ನೆ ಕೊಂಡೊಯ್ದರೆ ಆಗಲ್ಲ. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುತ್ತಾರೆ, ಅಲ್ವಾ? ಗರ್ಭಿಣಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್ ಮಾಡಿಸಿದ್ದು ತುಮಕೂರಿನಲ್ಲಿ, ಹೆರಿಗೆ ಹಾಸನದಲ್ಲಿ. ಕಾರ್ಡಿನಲ್ಲಿ ಬರೆಸಿದ್ದು ಗಂಡನ ಫೋನ್ ನಂಬರ್, ಅವನು ಇರುವುದು ಬೆಂಗಳೂರಿನಲ್ಲಿ. ಮಗುವಿಗೆ ಇನ್ನೂ ನಾಮಕರಣ ಆಗಿಲ್ಲ. ವಾರ್ಡಿನಲ್ಲಿ 'ಲಕ್ಷ್ಮಿ ಮಗು' ಮೂರು! ನನ್ನ ತಂಗಿಯ ಮಗುವಿಗೆ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಮಾಡಿಸಿದ ಟೆಸ್ಟಿನ ರಿಪೋರ್ಟ್ ವಾಟ್ಸಾಪಿನಲ್ಲಿ ಅವಳ ಗಂಡನಿಗೆ ಬಂತು. ಅವನು ತೆರೆದು ನೋಡಿದ್ದು ಎಷ್ಟೋ ದಿನ ಬಿಟ್ಟು. ನಾರ್ಮಲ್ ಇತ್ತು, ಸರಿ. ಇಲ್ಲದಿದ್ದರೆ ಯಾರು ಬೆನ್ನು ಹತ್ತುತ್ತಿದ್ದರು?

ಇದಕ್ಕೆ ಇನ್ನೊಂದು ಆ್ಯಪ್ ಮಾತ್ರ ಬೇಡ. ಆಶಾ ಕಾರ್ಯಕರ್ತೆಯರು ಈಗಾಗಲೇ ಅದೇ ವಿವರವನ್ನು ರಿಜಿಸ್ಟರಿನಲ್ಲೂ ಫೋನಿನಲ್ಲೂ ತುಂಬಿ ತುಂಬಿ ಸುಸ್ತಾಗಿದ್ದಾರೆ. ತಾಯಿ ಕಾರ್ಡಿನ ನಂಬರ್ ಇದ್ದೇ ಇದೆ. ಹೆರಿಗೆಯಾದ ತಕ್ಷಣ ಮಗುವಿನ ನಂಬರನ್ನು ಅದಕ್ಕೆ ಜೋಡಿಸಿ, ರಕ್ತದ ಕಾರ್ಡಿಗೂ ಅದನ್ನೇ ಅಂಟಿಸಲಿ. ಡಿಸ್ಚಾರ್ಜ್ ಮಾಡುವಾಗ "ಇಲ್ಲಿಂದ ಯಾವ ಊರಿಗೆ ಹೋಗ್ತೀಯಮ್ಮಾ?" ಅಂತ ಬಾಣಂತಿಯನ್ನೇ ಕೇಳಿ ಬರೆದುಕೊಳ್ಳಲಿ. ಏಳನೇ ದಿನ ಆಶಾ ಹೇಗೂ ಮಗು ನೋಡಲು ಹೋಗಬೇಕು. ಯಾವ ಮಗುವಿನ ಕಾರ್ಡ್ ಲ್ಯಾಬಿಗೆ ಬಂದಿಲ್ಲ ಅನ್ನುವ ಪಟ್ಟಿ ಅಷ್ಟರೊಳಗೆ ಅವರ ಕೈಗೆ ಸಿಗಲಿ. ತವರೂರಿನ ಆಶಾಗೆ, ಗಂಡನ ಊರಿನವರಿಗಲ್ಲ.